ತೂರ್ ಪಟ್ಟಣದ ಪಾಪ ಯಾವುದು? ಯೆಹೆಜ್ಕೇಲನ ‘ರೆಖುಲ್ಲಾ’ ಪದದ ಅರ್ಥವಿಚಾರ

ಹೀಬ್ರೂ ಬೈಬಲಿನ ಯೆಹೆಜ್ಕೇಲ ಗ್ರಂಥದಲ್ಲಿ 26ರಿಂದ 28ರವರೆಗಿನ ಮೂರು ಅಧ್ಯಾಯಗಳು ಹೆಚ್ಚುಕಡಿಮೆ ಪೂರ್ತಿಯಾಗಿ ತೂರ್ ಎಂಬ ಒಂದೇ ಪಟ್ಟಣಕ್ಕೆ ಮೀಸಲಾಗಿವೆ. ಇಂದಿನ ಲೆಬನಾನಿನ ಕರಾವಳಿಗೆ ತಾಗಿದ ಈ ಊರು ಆಗ ನಡುಗಡ್ಡೆಯಾಗಿತ್ತು. ಕಡಲ ಚಿಪ್ಪುಜೀವಿಯಿಂದ ತೆಗೆದ ಕೆನ್ನೀಲಿ ಬಣ್ಣಕ್ಕೂ ದೂರದೂರದ ಹಡಗು ವ್ಯಾಪಾರಕ್ಕೂ ಅದು ಹೆಸರಾಗಿತ್ತು. ಕ್ರಿ.ಪೂ. 597ರಲ್ಲಿ ಯೆಹೂದದ ಅರಸನೊಂದಿಗೆ ಸೆರೆಹೋದವರ ಪೈಕಿ ಒಬ್ಬನಾದ ಯೆಹೆಜ್ಕೇಲ, ಬಾಬಿಲೋನಿನ ನೆಲದಲ್ಲಿ ಕುಳಿತು ಈ ಪಟ್ಟಣದ ಪತನವನ್ನು ಸಾರಿದ. ಯೆರೂಸಲೇಮ್ ಬಿದ್ದಾಗ ತೂರ್ ಹಿಗ್ಗಿತೆಂಬುದು ಅವನ ಮೊದಲ ಆಪಾದನೆ. ಜನಾಂಗಗಳು ಹಾದುಹೋಗುವ ಬಾಗಿಲು ಮುರಿಯಿತು, ಇನ್ನು ಆ ಸಂಪತ್ತೆಲ್ಲ ತನ್ನ ಕಡೆಗೆ ತಿರುಗುತ್ತದೆ ಎಂದು ಅದು ಲೆಕ್ಕ ಹಾಕಿತಂತೆ. ಈ ಪ್ರವಾದನೆಗಳಲ್ಲಿ ನಾಲ್ಕು ಕಡೆ ‘ರೆಖುಲ್ಲಾ’ ಎಂಬ ನಾಮಪದ ಬರುತ್ತದೆ: 26:12, 28:5, 28:16 ಮತ್ತು 28:18. ಹೀಬ್ರೂ ಬೈಬಲಿನಲ್ಲಿ ಇನ್ನೆಲ್ಲೂ ಈ ಪದವಿಲ್ಲ. ನಿಘಂಟುಗಳು ಇದಕ್ಕೆ ಕೊಡುವ ಅರ್ಥ ವ್ಯಾಪಾರ, ಸರಕು. ಕನ್ನಡ ಸತ್ಯವೇದವೂ ಇದೇ ಅರ್ಥವನ್ನು ಹಿಡಿದಿದೆ. ಹಾಗಿದ್ದರೂ ಈ ನಾಲ್ಕರಲ್ಲಿ ಕೊನೆಯ ಎರಡು ವಚನಗಳ ಮಟ್ಟಿಗೆ ಈ ಪದ ಚರ್ಚೆಗೆ ಸಿಕ್ಕಿಕೊಂಡಿದೆ.

ಚರ್ಚೆ ಹುಟ್ಟಿದ್ದು ವ್ಯಾಕರಣದಿಂದಲ್ಲ, ದೇವತಾಶಾಸ್ತ್ರದಿಂದ. 28ನೆಯ ಅಧ್ಯಾಯದ ಎರಡನೆಯ ಭಾಗ ತೂರಿನ ಅರಸನ ಮೇಲೆ ಹಾಡಿದ ಶೋಕಗೀತೆ. ಆದರೆ ಅದರ ಚಿತ್ರಗಳು ಅರಮನೆಯವಲ್ಲ: ಏದೆನ್ ತೋಟ, ದೇವರ ಪರ್ವತ, ರತ್ನಗಳ ಹೊದಿಕೆ, ರೆಕ್ಕೆ ಚಾಚಿದ ಕೆರೂಬಿ. ಮೂರನೆಯ ಶತಮಾನದ ಅಲೆಕ್ಸಾಂಡ್ರಿಯದ ಚಿಂತಕ ಓರಿಗೆನ್, ಇಷ್ಟೆಲ್ಲವನ್ನು ಒಬ್ಬ ಮನುಷ್ಯನಿಗೆ ಹೇಳಲಾಗದೆಂದು ವಾದಿಸಿ, ಇಲ್ಲಿ ಸ್ವರ್ಗದಿಂದ ಬಿದ್ದ ಒಂದು ಆತ್ಮಶಕ್ತಿಯನ್ನು ಕಂಡ. ಅಲ್ಲಿಂದ ಮುಂದೆ ಈ ಶೋಕಗೀತೆಯನ್ನು ಸೈತಾನನ ಪತನದ ಕಥೆಯಾಗಿ ಓದುವುದು ಕ್ರೈಸ್ತ ಪರಂಪರೆಯಲ್ಲಿ ಬಲವಾಗಿ ಬೇರೂರಿತು. ಹಾಗೆ ಓದುವವರಿಗೆ 16ನೆಯ ವಚನ ತೊಡಕಾಗುತ್ತದೆ. ರೆಖುಲ್ಲಾ ಹೆಚ್ಚಿದ್ದರಿಂದ ಒಡಲೊಳಗೆ ಹಿಂಸೆ ತುಂಬಿತು, ಹೀಗೆ ಪಾಪವಾಯಿತು ಎಂಬುದು ಅದರ ಸಾರ. ಸ್ವರ್ಗದ ದೂತನೊಬ್ಬ ಯಾವ ಸರಕನ್ನು ಯಾರಿಗೆ ಮಾರುತ್ತಿದ್ದ? ಈ ಪ್ರಶ್ನೆಗೆ ಕೆಲವು ಆಧುನಿಕ ವ್ಯಾಖ್ಯಾನಕಾರರು ಪದದ ಧಾತುವಿನಲ್ಲಿ ಉತ್ತರ ಹುಡುಕಿದ್ದಾರೆ. ಅದೇ ಮೂರು ವ್ಯಂಜನಗಳಿಂದ ಆದ ‘ರಾಖೀಲ್’ ಪದಕ್ಕೆ ಚಾಡಿ ಎಂಬ ಅರ್ಥವಿದೆ. ಹಾಗಾಗಿ ರೆಖುಲ್ಲಾ ಎಂದರೆ ದೇವರ ಮೇಲೆ ದೂತರ ನಡುವೆ ಹಬ್ಬಿಸಿದ ದೂಷಣೆ ಎನ್ನುತ್ತಾರೆ ಅವರು. ಓದು ಸೊಗಸಾಗಿದೆ, ಆದರೆ ಸಾಕ್ಷ್ಯದ ಮುಂದೆ ನಿಲ್ಲುವುದಿಲ್ಲ. ರೆಖುಲ್ಲಾ ನಾಲ್ಕೂ ಕಡೆ ವ್ಯಾಪಾರವೇ. ಪ್ರವಾದಿಯ ಆಪಾದನೆ ಇರುವುದು ಆ ಪದದಲ್ಲಿಯೂ ಅಲ್ಲ, ಅದರ ಪಕ್ಕದಲ್ಲಿ ನಿಂತ ‘ಹಿಂಸೆ’ ಮತ್ತು ‘ಅನ್ಯಾಯ’ ಎಂಬ ಎರಡು ಪದಗಳಲ್ಲಿ.

ಮೊದಲು ಪದ ಬಂದಿರುವ ನಾಲ್ಕು ಜಾಗಗಳನ್ನೇ ನೋಡಬೇಕು. 26:12ರಲ್ಲಿ ಶತ್ರುಗಳು ತೂರಿನ ಸಂಪತ್ತನ್ನು ಸೂರೆಮಾಡಿ, ರೆಖುಲ್ಲಾವನ್ನು ದೋಚಿ, ಗೋಡೆಗಳನ್ನು ಕೆಡವಿ, ಕಲ್ಲು, ಮರ, ಮಣ್ಣನ್ನು ನೀರಿಗೆ ಹಾಕುತ್ತಾರೆ. ದೋಚಲು ಸಾಧ್ಯವಿರುವುದು ಸರಕನ್ನು, ದೂಷಣೆಯನ್ನಲ್ಲ. 28:5ರಲ್ಲಿ ತೂರಿನ ಪ್ರಭು ತನ್ನ ಜಾಣತನದಿಂದ, ರೆಖುಲ್ಲಾದ ಮೂಲಕ, ಐಶ್ವರ್ಯವನ್ನು ಬೆಳೆಸಿಕೊಂಡ, ಅದರಿಂದ ಅವನ ಎದೆ ಉಬ್ಬಿತು ಎಂದಿದೆ. ಇಲ್ಲೂ ವ್ಯಾಪಾರವಲ್ಲದೆ ಬೇರೆ ಅರ್ಥಕ್ಕೆ ಎಡೆಯಿಲ್ಲ. ಇವೆರಡರ ನಡುವೆ ಇರುವ 27ನೆಯ ಅಧ್ಯಾಯ, ಪ್ರಾಚೀನ ಜಗತ್ತಿನ ವಾಣಿಜ್ಯದ ಬಗ್ಗೆ ನಮಗೆ ಉಳಿದಿರುವ ಅತ್ಯಂತ ಸಮೃದ್ಧ ಪಟ್ಟಿಗಳಲ್ಲಿ ಒಂದು. ತಾರ್ಷೀಷಿನಿಂದ ಬೆಳ್ಳಿ, ಕಬ್ಬಿಣ, ತವರ, ಸೀಸ. ತೋಗರ್ಮದಿಂದ ಕುದುರೆ, ಹೇಸರಗತ್ತೆ. ದೆದಾನಿನ ನಂಟಿನಿಂದ ದಂತ ಮತ್ತು ಕರಿಮರ. ದಮಸ್ಕದಿಂದ ದ್ರಾಕ್ಷಾರಸ ಮತ್ತು ಉಣ್ಣೆ. ಶೆಬ ಮತ್ತು ರಗ್ಮದ ವರ್ತಕರಿಂದ ಸುಗಂಧದ್ರವ್ಯ, ರತ್ನ, ಚಿನ್ನ. ಈ ಪಟ್ಟಿಯುದ್ದಕ್ಕೂ ‘ರೋಖೇಲ್’, ಅಂದರೆ ವರ್ತಕ, ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಗೋಧಿ, ಜೇನು, ಎಣ್ಣೆ, ಗುಗ್ಗುಲಗಳನ್ನು ತಂದ ಯೆಹೂದ ಮತ್ತು ಇಸ್ರಾಯೇಲ್ ದೇಶಗಳಿಗೂ ಪ್ರವಾದಿ ಅದೇ ಹೆಸರು ಕೊಡುತ್ತಾನೆ. ಇಷ್ಟನ್ನು ಕೇಳಿಸಿಕೊಂಡ ಶ್ರೋತೃ, ಅದೇ ಧಾತುವಿನ ಪದವನ್ನು 28:16ರಲ್ಲಿ ಕೇಳಿದಾಗ ಥಟ್ಟನೆ ಬೇರೊಂದು ಅರ್ಥಕ್ಕೆ ಜಿಗಿಯಬೇಕಾದರೆ, ಪಠ್ಯದಲ್ಲಿ ಅದಕ್ಕೊಂದು ಸೂಚನೆ ಇರಬೇಕಿತ್ತು. ಅಂಥ ಸೂಚನೆ ಅಲ್ಲಿಲ್ಲ. ಹಳೆಯ ಅನುವಾದಕರೂ ಹಾಗೆ ಜಿಗಿಯಲಿಲ್ಲ: ಗ್ರೀಕ್ ಸೆಪ್ಟುವಜಿಂಟ್ 16 ಮತ್ತು 18ನೆಯ ವಚನಗಳಲ್ಲಿ ವಾಣಿಜ್ಯಕ್ಕಿರುವ ‘ಎಂಪೋರಿಯಾ’ ಪದವನ್ನೂ, ಜೆರೋಮನ ಲ್ಯಾಟಿನ್ ವಲ್ಗೇಟ್ ಅದೇ ಅರ್ಥದ ‘ನೆಗೋತಿಯಾತಿಯೋ’ ಪದವನ್ನೂ ಬಳಸಿವೆ.

ಇನ್ನು ಧಾತುವಿನ ವಾದ. ರೋಖೇಲ್ ಮತ್ತು ರಾಖೀಲ್ ಎರಡನ್ನೂ ನಿಘಂಟುಗಳು ಒಂದೇ ಧಾತುವಿನಡಿ ಕೊಡುವುದು ನಿಜ. ಈ ನಂಟನ್ನು ಯೆಹೂದಿ ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದರು. ಜನರ ನಡುವೆ ರಾಖೀಲನಾಗಿ ತಿರುಗಬಾರದೆಂಬ ಯಾಜಕಕಾಂಡ 19:16ರ ಆಜ್ಞೆಗೆ ಯೆರೂಸಲೇಮ್ ತಾಲ್ಮೂದ್, ಒಬ್ಬನ ಮಾತನ್ನು ಇನ್ನೊಬ್ಬನಿಗೆ ಹೊತ್ತೊಯ್ಯುವ ತಿರುಗಾಟದ ವ್ಯಾಪಾರಿಯಂತೆ ಆಗಬೇಡ ಎಂಬ ವಿವರಣೆ ಕೊಟ್ಟಿದೆ. ಹನ್ನೆರಡನೆಯ ಶತಮಾನದ ಮೈಮೊನಿಡೀಸನೂ ಚಾಡಿಕೋರನನ್ನು ಮಾತಿನ ಹೊರೆ ಹೊತ್ತು ಮನೆಯಿಂದ ಮನೆಗೆ ಹೋಗುವವನೆಂದೇ ವರ್ಣಿಸಿದ. ಅವನಿಗಿಂತ ಹಿಂದಿನ ರಾಶಿ (1040–1105) ಅಕ್ಷರಪಲ್ಲಟದ ಮೂಲಕ ಇದೇ ಪದವನ್ನು ಗೂಢಚಾರನಿಗೂ ಜೋಡಿಸಿದ. ಆದರೆ ಈ ವಿವರಣೆಗಳ ದಿಕ್ಕನ್ನು ಗಮನಿಸಬೇಕು. ಇಲ್ಲಿ ವ್ಯಾಪಾರಿ ಗೊತ್ತಿರುವ ವಸ್ತು. ಅವನ ತಿರುಗಾಟವನ್ನು ತೋರಿಸಿ ಚಾಡಿಕೋರನ ನಡತೆಯನ್ನು ವಿವರಿಸಲಾಗಿದೆ. ಚಾಡಿಕೋರ ವ್ಯಾಪಾರಿಯಂತೆ ಎನ್ನುವುದರಿಂದ ವ್ಯಾಪಾರ ಎಂಬ ಪದಕ್ಕೆ ಚಾಡಿ ಎಂಬ ಅರ್ಥ ಬರುವುದಿಲ್ಲ. ಒಂದೇ ಬೇರಿನ ಎರಡು ಪದಗಳು ಬಳಕೆಯಲ್ಲಿ ಬೇರೆ ದಾರಿ ಹಿಡಿದ ಮೇಲೆ ಒಂದರ ಅರ್ಥವನ್ನು ಇನ್ನೊಂದಕ್ಕೆ ತುಂಬಲಾಗದು. ‘ಶೆಟ್ಟಿ’ ಪದ ಸಂಸ್ಕೃತದ ‘ಶ್ರೇಷ್ಠಿ’ಯಿಂದ ಬಂತೆಂದು ಹಳೆಯ ಶಾಸನದ ಪ್ರತಿ ಶೆಟ್ಟಿಯನ್ನೂ ನಾವು ಗುಣದಲ್ಲಿ ಶ್ರೇಷ್ಠನೆಂದು ಓದುವುದಿಲ್ಲವಲ್ಲ. ಬೈಬಲ್ ಅಧ್ಯಯನದಲ್ಲಿ ಧಾತುವನ್ನೇ ಅರ್ಥವೆಂದು ಹಿಡಿಯುವ ಈ ರೂಢಿಯನ್ನು ಜೇಮ್ಸ್ ಬಾರ್ 1961ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಕಟುವಾಗಿ ವಿಮರ್ಶಿಸಿದರು. ಪದದ ಅರ್ಥವನ್ನು ತೀರ್ಮಾನಿಸುವುದು ವಾಕ್ಯ ಮತ್ತು ಬಳಕೆ, ಪೂರ್ವಿಕರ ವಂಶಾವಳಿಯಲ್ಲ ಎಂಬ ಅವರ ನಿಲುವು ಈಗ ಸಾಮಾನ್ಯವಾಗಿ ಒಪ್ಪಿತವಾಗಿದೆ.

ಇದಕ್ಕಿಂತ ಬಲವಾದ ಸಾಕ್ಷ್ಯ ಯೆಹೆಜ್ಕೇಲನ ಗ್ರಂಥದಲ್ಲೇ ಇದೆ. ಚಾಡಿಯನ್ನು ಹೇಳಬೇಕಾದಾಗ ಅವನ ಬಳಿ ಪದವಿತ್ತು, ಅದನ್ನು ಅವನು ಬಳಸಿಯೂ ಇದ್ದಾನೆ. 22:9ರಲ್ಲಿ ಯೆರೂಸಲೇಮಿನ ಪಾಪಗಳನ್ನು ಎಣಿಸುವಾಗ, ರಕ್ತ ಸುರಿಸುವುದಕ್ಕಾಗಿ ಚಾಡಿ ಹೇಳುವವರು ಅಲ್ಲಿದ್ದರೆಂದು ಅವನು ಆರೋಪಿಸುತ್ತಾನೆ. ಅಲ್ಲಿರುವ ಪದ ರಾಖೀಲ್. 36:3ರಲ್ಲಿ ಇಸ್ರಾಯೇಲಿನ ಬೆಟ್ಟಗಳು ಜನರ ನಿಂದೆಗೆ ಗುರಿಯಾದುದನ್ನು ಹೇಳುವಾಗ ಇನ್ನೊಂದು ಪದ ‘ದಿಬ್ಬಾ’ವನ್ನು ತರುತ್ತಾನೆ. ಹೀಗೆ ಎರಡೆರಡು ಸ್ಪಷ್ಟ ಪದಗಳು ನಾಲಗೆಯ ತುದಿಯಲ್ಲಿರುವವನು, ದೂಷಣೆಯನ್ನೇ ಮುಖ್ಯ ಆಪಾದನೆಯಾಗಿ ಹೊರಿಸುವ ಹೊತ್ತಿನಲ್ಲಿ, ಅದೇ ಪ್ರವಾದನೆಯ ಸಾಲಿನಲ್ಲಿ ಎರಡು ಸಲ ವ್ಯಾಪಾರಕ್ಕೆ ಬಳಸಿದ ಪದವನ್ನು ಆರಿಸಿಕೊಂಡ ಎಂದು ನಂಬುವುದು ಕಷ್ಟ. ಪ್ರವಾದಿ ಇಲ್ಲಿ ಶ್ಲೇಷೆ ಮಾಡಿರಬಹುದಲ್ಲವೇ ಎಂದು ಕೇಳಬಹುದು. ಹೀಬ್ರೂ ಪ್ರವಾದಿಗಳು ಶಬ್ದಗಳೊಂದಿಗೆ ಆಡುವುದರಲ್ಲಿ ನುರಿತವರು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಶ್ಲೇಷೆಗೆ ಎರಡನೆಯ ಅರ್ಥವನ್ನು ಎಬ್ಬಿಸುವ ಒಂದು ಮಾತಾದರೂ ಅಕ್ಕಪಕ್ಕದಲ್ಲಿ ಬೇಕು. 28ನೆಯ ಅಧ್ಯಾಯದಲ್ಲಿ ಮಾತಿನ ಅಪರಾಧ ಬರುವುದು ಮೊದಲ ಭಾಗದಲ್ಲಿ ಮಾತ್ರ: ತಾನೇ ದೇವರು ಎಂದು ತೂರಿನ ಪ್ರಭು ಕೊಚ್ಚಿಕೊಳ್ಳುತ್ತಾನೆ. ಅದು ಬಡಾಯಿ, ದೇವರ ಬಗ್ಗೆ ಇನ್ನೊಬ್ಬರ ಕಿವಿಯಲ್ಲಿ ಊದಿದ ಚಾಡಿ ಅದಲ್ಲ. ಶೋಕಗೀತೆಯೊಳಗೆ ನಾಲಗೆ, ತುಟಿ, ಸುಳ್ಳು, ಪಿಸುಮಾತು ಇವುಗಳಲ್ಲಿ ಒಂದೂ ಇಲ್ಲ.

ಬೈಬಲಿನ ವ್ಯಾಪಾರಪದಗಳೆಲ್ಲ ಇಷ್ಟೇ ನಿಚ್ಚಳವಾಗಿವೆ ಎಂದೇನೂ ಅಲ್ಲ. ನಿಜವಾದ ಅನುಮಾನ ಹೇಗಿರುತ್ತದೆ ಎಂಬುದಕ್ಕೆ ಎರಡು ನಿದರ್ಶನ ಸಾಕು. ವರ್ತಕನಿಗಿರುವ ಇನ್ನೊಂದು ಪದ ‘ಸೋಹೇರ್’. ಅಬ್ರಹಾಮ ಮಕ್ಪೇಲದ ಹೊಲಕ್ಕೆ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟಾಗ, ವರ್ತಕರಲ್ಲಿ ಸಲ್ಲುವ ತೂಕ ಎಂದು ಆದಿಕಾಂಡ 23:16 ಹೇಳುವುದು ಈ ಪದದಿಂದಲೇ. ಆದರೆ ಇದರ ಧಾತುವಿಗೆ ಅಕ್ಕಾಡಿಯನ್ ಮತ್ತು ಅರಮೇಯಿಕ್ ಭಾಷೆಗಳಲ್ಲಿ ಸುತ್ತು, ತಿರುಗು ಎಂಬ ಅರ್ಥವಿದೆ. ಆದಿಕಾಂಡ 34ರಲ್ಲಿ ಶೆಕೆಮಿನವರು ಯಾಕೋಬನ ಮಕ್ಕಳಿಗೆ ಕೊಡುವ ಅನುಮತಿ ವ್ಯಾಪಾರ ಮಾಡುವುದಕ್ಕೋ ಅಥವಾ ನಾಡಿನಲ್ಲಿ ತಡೆಯಿಲ್ಲದೆ ಓಡಾಡುವುದಕ್ಕೋ ಎಂದು ವಿದ್ವಾಂಸರು ವಾದಿಸಿದ್ದಾರೆ, ಇ. ಎ. ಸ್ಪೈಸರ್ ಎರಡನೆಯದರ ಪರ ನಿಂತವರು. ಅಲ್ಲಿನ ವಾಕ್ಯ ಎರಡಕ್ಕೂ ಒಗ್ಗುತ್ತದೆ, ಹಾಗಾಗಿ ಚರ್ಚೆ ನ್ಯಾಯವಾದದ್ದು. ಇನ್ನೊಂದು ಪದ ‘ಕೆನಾನಿ’. ಅದರ ಮೂಲ ಅರ್ಥ ಕಾನಾನ್ ದೇಶದವನು. ಆ ಕರಾವಳಿಯ ಜನ ವ್ಯಾಪಾರಕ್ಕೆ ಹೆಸರಾದ್ದರಿಂದ ಜನಾಂಗದ ಹೆಸರೇ ಕಸುಬಿನ ಹೆಸರಾಯಿತು. ಜ್ಞಾನೋಕ್ತಿ 31ರ ಗುಣವತಿ ಗೃಹಿಣಿ ಸೊಂಟಪಟ್ಟಿಗಳನ್ನು ಒಪ್ಪಿಸುವುದು ಇಂಥ ಕೆನಾನಿಗೆ. ಜೆಕರ್ಯ ಗ್ರಂಥದ ಕೊನೆಯ ವಚನದಲ್ಲಿ ದೇವಾಲಯದಲ್ಲಿ ಇನ್ನು ಕೆನಾನಿ ಇರುವುದಿಲ್ಲ ಎಂದಾಗ ಹೊರಗಾಗುವವನು ಅನ್ಯಜನಾಂಗದವನೋ ವ್ಯಾಪಾರಿಯೋ? ಸೆಪ್ಟುವಜಿಂಟ್ ಜನಾಂಗವನ್ನು ಹಿಡಿಯಿತು. ಅರಮೇಯಿಕ್ ತಾರ್ಗುಮ್ ಮತ್ತು ವಲ್ಗೇಟ್ ವ್ಯಾಪಾರಿಯನ್ನು ಹಿಡಿದವು. ಯೇಸು ದೇವಾಲಯದಿಂದ ಮಾರಾಟಗಾರರನ್ನು ಓಡಿಸಿದ ಪ್ರಸಂಗದ ಹಿಂದೆ ಈ ವಚನದ ನೆನಪಿದೆಯೆಂದು ವಾದಿಸಿದವರೂ ಇದ್ದಾರೆ. ಇಲ್ಲೆಲ್ಲ ಹಳೆಯ ಓದುಗರೇ ಎರಡು ಗುಂಪಾಗಿದ್ದಾರೆ, ವಾಕ್ಯವೂ ಎರಡು ದಾರಿ ತೆರೆದಿಟ್ಟಿದೆ. ರೆಖುಲ್ಲಾದ ವಿಷಯದಲ್ಲಿ ಇವೆರಡೂ ಇಲ್ಲ.

ದೂಷಣೆಯ ಪರವಾಗಿ ನಿಲ್ಲುವವರ ಮುಂದಿನ ಆಕ್ಷೇಪ ಇನ್ನಷ್ಟು ಗಂಭೀರವಾದದ್ದು: ವ್ಯಾಪಾರ ಹೆಚ್ಚಿದರೆ ಹಣ ಹೆಚ್ಚಬೇಕು, ಗರ್ವ ಹೆಚ್ಚಬಹುದು, ಹಿಂಸೆ ಹೇಗೆ ತುಂಬುತ್ತದೆ? ಮೂಲದಲ್ಲಿರುವ ಪದ ‘ಹಾಮಾಸ್’. (ಇಂದಿನ ಸುದ್ದಿಯ ಸಂಘಟನೆಯ ಹೆಸರು ಅರಬ್ಬಿ ಪದಗಳ ಮೊದಲಕ್ಷರಗಳಿಂದಾದದ್ದು, ಅದಕ್ಕೂ ಇದಕ್ಕೂ ನಂಟಿಲ್ಲ.) ಪ್ರವಾದಿಗಳ ಬಾಯಲ್ಲಿ ಹಾಮಾಸ್ ಎಂದರೆ ಕತ್ತಿಯ ಹೊಡೆತ ಮಾತ್ರವಲ್ಲ, ಬಲವಿದ್ದವನು ಬಲವಿಲ್ಲದವನ ಮೇಲೆ ಎಸಗುವ ದೌರ್ಜನ್ಯವೆಲ್ಲ. ಮೀಕ 6ರಲ್ಲಿ ಕಳ್ಳ ತಕ್ಕಡಿ ಮತ್ತು ಮೋಸದ ತೂಕದ ಕಲ್ಲುಗಳ ಚೀಲವನ್ನು ಹೇಳಿದ ಬೆನ್ನಿಗೇ ಪಟ್ಟಣದ ಸಿರಿವಂತರು ಹಾಮಾಸಿನಿಂದ ತುಂಬಿದ್ದಾರೆಂಬ ಮಾತಿದೆ. ಆಮೋಸ 3:10ರಲ್ಲಿ ಅರಮನೆಗಳಲ್ಲಿ ಕೂಡಿಟ್ಟಿರುವುದು ಹಾಮಾಸ್ ಮತ್ತು ಕೊಳ್ಳೆ. ತೂರಿನ ಮಟ್ಟಿಗೆ ಈ ಹಿಂಸೆ ಇನ್ನೂ ನೇರವಾದದ್ದು. ಯೆಹೆಜ್ಕೇಲ 27:13ರ ಪ್ರಕಾರ ಯಾವಾನ್, ತೂಬಲ್, ಮೆಷೆಕ್ ಜನರು ತೂರಿನ ಸಂತೆಗೆ ತಂದದ್ದು ಕಂಚಿನ ಪಾತ್ರೆ ಮತ್ತು ಮನುಷ್ಯರು. ತೂರ್ ಸೆರೆಯಾಳುಗಳ ಸಮೂಹವನ್ನೇ ಎದೋಮಿಗೆ ಒಪ್ಪಿಸಿತು ಎಂಬುದು ಆಮೋಸನ ದೂರು. ಯೆಹೂದದ ಮಕ್ಕಳನ್ನು ತೂರ್ ಮತ್ತು ಸೀದೋನಿನವರು ಗ್ರೀಕರಿಗೆ ಮಾರಿದರು ಎಂಬುದು ಯೋವೇಲನ ದೂರು. ಮೂವರು ಪ್ರವಾದಿಗಳು ಒಂದೇ ಪಟ್ಟಣವನ್ನು ನರವ್ಯಾಪಾರದ ಜೊತೆ ಜೋಡಿಸಿ ಹೆಸರಿಸಿರುವಾಗ, ಅದರ ವಾಣಿಜ್ಯದಿಂದ ಒಡಲಲ್ಲಿ ಹಿಂಸೆ ತುಂಬಿತೆಂಬ ಮಾತಿಗೆ ಬೇರೆ ವಿವರಣೆ ಹುಡುಕುವ ಅಗತ್ಯವೇ ಬೀಳುವುದಿಲ್ಲ. ಆ ‘ಒಡಲು’ ಎಂಬುದು ಕೂಡ ಪಟ್ಟಣದ ಒಳಭಾಗಕ್ಕೆ ಚೆನ್ನಾಗಿ ಹೊಂದುತ್ತದೆ. ಯೆರೂಸಲೇಮಿನ ಬಗ್ಗೆಯೂ ಇದೇ ಪ್ರವಾದಿ, ನಗರ ಹಾಮಾಸಿನಿಂದ ತುಂಬಿದೆ ಎಂದು 7:23ರಲ್ಲಿ ನುಡಿದಿದ್ದಾನೆ.

18ನೆಯ ವಚನದಲ್ಲಿ ರೆಖುಲ್ಲಾದ ಜೊತೆಗಿರುವುದು ‘ಆವೆಲ್’, ಅನ್ಯಾಯ. ವ್ಯಾಪಾರದ ಅನ್ಯಾಯದಿಂದ ನೀನು ನಿನ್ನ ಪವಿತ್ರಸ್ಥಾನಗಳನ್ನು ಹೊಲೆಗೆಡಿಸಿದೆ ಎಂಬುದು ಅಲ್ಲಿನ ಆಪಾದನೆ. ಈ ಆವೆಲ್ ಪದಕ್ಕೆ ಧರ್ಮಶಾಸ್ತ್ರದಲ್ಲಿ ಒಂದು ನಿರ್ದಿಷ್ಟ ನೆಲೆಯಿದೆ. ಯಾಜಕಕಾಂಡ 19:35 ತೀರ್ಪಿನಲ್ಲಿ, ಉದ್ದದ ಅಳತೆಯಲ್ಲಿ, ತೂಕದಲ್ಲಿ, ಕೊಳಗದಲ್ಲಿ ಆವೆಲ್ ಮಾಡಬಾರದೆಂದು ವಿಧಿಸುತ್ತದೆ. ಧರ್ಮೋಪದೇಶಕಾಂಡ 25ರಲ್ಲಿ ಚೀಲದಲ್ಲಿ ಹೆಚ್ಚು ಕಡಿಮೆ ತೂಕದ ಎರಡು ಬಗೆಯ ಕಲ್ಲು ಇಟ್ಟುಕೊಳ್ಳಬಾರದೆಂಬ ವಿಧಿಯೂ ಆವೆಲ್ ಮಾಡುವವರೆಲ್ಲ ದೇವರಿಗೆ ಅಸಹ್ಯರೆಂಬ ಮಾತಿನಿಂದ ಮುಗಿಯುತ್ತದೆ. ಚಾಡಿಯನ್ನು ನಿಷೇಧಿಸಿದ ಯಾಜಕಕಾಂಡದ ಅಧ್ಯಾಯವೇ ತೂಕದ ಮೋಸವನ್ನೂ ನಿಷೇಧಿಸಿದೆ, ಎರಡಕ್ಕೂ ಬೇರೆ ಬೇರೆ ಪದ ಬಳಸಿದೆ ಎಂಬುದು ಗಮನಾರ್ಹ. ಆವೆಲ್ ಪದವನ್ನು ಯೆಹೆಜ್ಕೇಲ ಬೇರೆಡೆ ಸಾಮಾನ್ಯ ದುಷ್ಟತನಕ್ಕೂ ಬಳಸುತ್ತಾನೆ ಎಂಬ ಆಕ್ಷೇಪ ಸರಿಯೇ. ಆದರೆ ಪುರೋಹಿತ ಮನೆತನದ ಈ ಪ್ರವಾದಿಗೆ ಅಳತೆಯ ವಿಷಯ ಅಪ್ರಿಯವಾಗಿರಲಿಲ್ಲ. 45:10ರಲ್ಲಿ ನ್ಯಾಯವಾದ ತಕ್ಕಡಿ, ನ್ಯಾಯವಾದ ಏಫ, ನ್ಯಾಯವಾದ ಬತ್ ಇರಲಿ ಎಂದು ಅವನೇ ಆದೇಶಿಸುತ್ತಾನೆ. ಇದು ಬರಿಯ ಉಪದೇಶವಾಗಿರಲಿಲ್ಲ ಎಂಬುದಕ್ಕೆ ಯೆಹೂದದ ನೆಲದಲ್ಲಿ ಸಿಕ್ಕ ಸುಣ್ಣಕಲ್ಲಿನ ತೂಕಗಳೇ ಸಾಕ್ಷಿ. ಅವುಗಳಲ್ಲಿ ಶೆಕೆಲ್ ಸುಮಾರು 11.3 ಗ್ರಾಂ ತೂಗುತ್ತದೆ. ‘ಪೀಮ್’ ಎಂದು ಕೆತ್ತಿದ ಕಲ್ಲುಗಳು ಸುಮಾರು 7.8 ಗ್ರಾಂ. 1 ಸಮುವೇಲ 13:21ರಲ್ಲಿ ಒಂದೇ ಸಲ ಬರುವ ಈ ಪೀಮ್ ಪದವನ್ನು ತಿಳಿಯದೆ 1611ರ ಇಂಗ್ಲಿಷ್ ಅನುವಾದಕರು ಅರ ಎಂದು ಬರೆದಿದ್ದರು. ಕಲ್ಲು ಸಿಕ್ಕ ಮೇಲೆ ಅದು ನೇಗಿಲು ಹದಮಾಡಿಸಲು ತೆರುತ್ತಿದ್ದ ಬೆಳ್ಳಿಯ ತೂಕವೆಂದು ತಿಳಿಯಿತು. ವ್ಯಾಪಾರದ ಪದಗಳಿಗೆ ಅರ್ಥ ಸಿಗುವುದು ಸಂತೆಯ ಬಳಕೆಯಿಂದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಹಾಗಾದರೆ ಕೆರೂಬಿ ಮತ್ತು ಏದೆನ್ ಏನಾಗಬೇಕು? ಶೋಕಗೀತೆ ತೂರಿನ ಅರಸನಿಗೆ ಎಂದು 28:12 ಸ್ಪಷ್ಟವಾಗಿ ಹೇಳಿದೆ. ಉಳಿದ ಸಮಸ್ಯೆ 14ನೆಯ ವಚನದ ಎರಡಕ್ಷರದ ಒಂದು ಪದದಲ್ಲಿದೆ. ಸ್ವರಚಿಹ್ನೆಗಳಿಲ್ಲದ ಹಳೆಯ ಬರಹದಲ್ಲಿ ಅದನ್ನು ‘ನೀನು’ ಎಂದೂ ‘ಜೊತೆಗೆ’ ಎಂದೂ ಓದಬಹುದು. ಸಾಂಪ್ರದಾಯಿಕ ಹೀಬ್ರೂ ಪಾಠ ಮೊದಲನೆಯದನ್ನು ಆರಿಸಿಕೊಂಡು ಅರಸನನ್ನೇ ಕೆರೂಬಿ ಮಾಡಿತು. ಸೆಪ್ಟುವಜಿಂಟ್ ಎರಡನೆಯದನ್ನು ಆರಿಸಿಕೊಂಡು ಅರಸನನ್ನು ಕೆರೂಬಿಯ ಜೊತೆಗಿಟ್ಟಿತು, 16ನೆಯ ವಚನದಲ್ಲಿ ಕೆರೂಬಿಯೇ ಅವನನ್ನು ಹೊರಗಟ್ಟುವಂತೆ ಮಾಡಿತು. ಯಾವ ಪಾಠ ಹಿಡಿದರೂ ಅರಸ ಅರಸನಾಗಿಯೇ ಉಳಿಯುತ್ತಾನೆ. ಈಜಿಪ್ಟಿನ ಫರೋಹನನ್ನು ನದಿಯಲ್ಲಿ ಮಲಗಿದ ಮಹಾಮೃಗವೆಂದು, ಅಶ್ಶೂರವನ್ನು ಏದೆನಿನ ಮರಗಳೇ ಅಸೂಯೆಪಡುವ ದೇವದಾರುವೆಂದು ಇದೇ ಗ್ರಂಥದ 29 ಮತ್ತು 31ನೆಯ ಅಧ್ಯಾಯಗಳು ವರ್ಣಿಸುತ್ತವೆ. ಅಲ್ಲಿ ಮೃಗವೂ ಮರವೂ ರಾಜಕೀಯ ಶಕ್ತಿಗಳ ರೂಪಕವೆಂದು ಎಲ್ಲರೂ ಒಪ್ಪುತ್ತಾರೆ. ತೂರಿನ ಅರಸನ ರತ್ನದ ಹೊದಿಕೆಯೂ ಶೆಬದ ವರ್ತಕರು ತಂದ ರತ್ನಗಳಿಂದ ಬಹಳ ದೂರದ್ದಲ್ಲ. ಪುರಾಣದ ಚಿತ್ರದೊಳಕ್ಕೆ ವಾಣಿಜ್ಯದ ಪದ ನುಗ್ಗಿರುವುದು ಪ್ರವಾದಿ ತಪ್ಪಿ ಮಾಡಿದ್ದಲ್ಲ. ರೂಪಕ ಯಾರ ಮೇಲೆ ಹೇಳಿದ್ದೆಂದು ಮರೆಯದಂತೆ ಹಾಕಿದ ಗುರುತು ಅದು. ಸೈತಾನನ ಕಥೆಗೆ ಹೊಂದಲೆಂದು ಪದದ ಅರ್ಥವನ್ನು ಬದಲಿಸಿದರೆ ಆ ಗುರುತೇ ಅಳಿಸಿಹೋಗುತ್ತದೆ. ಇಡೀ ಶೋಕಗೀತೆಗೆ ಎರಡನೆಯ, ಆಧ್ಯಾತ್ಮಿಕ ಅರ್ಥ ಕೊಡುವ ಹಕ್ಕು ನಂಬಿಕೆಯ ಪರಂಪರೆಗೆ ಇದೆ; ಆದರೆ ಅದು ಮೊದಲ ಅರ್ಥದ ಮೇಲೆ ನಿಲ್ಲಬೇಕು, ಅದನ್ನು ಕೆಡವಿ ಅಲ್ಲ.

ಇದಕ್ಕೆ ಎದುರು ದಿಕ್ಕಿನ ಇನ್ನೊಂದು ತಪ್ಪಿನ ಬಗ್ಗೆಯೂ ಎಚ್ಚರ ಬೇಕು. ರೆಖುಲ್ಲಾ ವ್ಯಾಪಾರವೇ ಆದರೆ ಧರ್ಮಗ್ರಂಥ ವ್ಯಾಪಾರವನ್ನೇ ಪಾಪವೆಂದಿತು ಎಂಬ ತೀರ್ಮಾನಕ್ಕೆ ಹಾರುವುದು ಆ ತಪ್ಪು. ಮಧ್ಯಯುಗದ ಯುರೋಪಿನ ಚರ್ಚಿನಲ್ಲಿ ವರ್ತಕ ದೇವರಿಗೆ ಮೆಚ್ಚುಗೆಯಾಗುವುದು ದುಸ್ತರವೆಂಬ ಮಾತು ಪ್ರಚಲಿತವಾಗಿತ್ತು. ಹದಿಮೂರನೆಯ ಶತಮಾನದ ತೋಮಸ್ ಅಕ್ವಿನಾಸ್ ಈ ಪ್ರಶ್ನೆಯನ್ನು ಎತ್ತಿಕೊಂಡು, ಲಾಭಕ್ಕಾಗಿಯೇ ಮಾಡುವ ವ್ಯಾಪಾರದಲ್ಲಿ ಒಂದು ಕೀಳುತನವಿದ್ದರೂ ಲಾಭವೇ ಪಾಪವಲ್ಲ, ಮಿತವಾದ ಲಾಭವನ್ನು ಸಂಸಾರದ ಪೋಷಣೆಗೋ ಬಡವರ ನೆರವಿಗೋ ಬಳಸಿದರೆ ವ್ಯಾಪಾರ ನ್ಯಾಯವಾದದ್ದೇ ಎಂದ. ಹೀಬ್ರೂ ಗ್ರಂಥಗಳು ಅವನ ಪರವಾಗಿವೆ. ಯೆರೂಸಲೇಮಿನ ಗೋಡೆ ಕಟ್ಟುವಾಗ ಅಕ್ಕಸಾಲಿಗರ ಜೊತೆ ಕೈಹಾಕಿದವರಲ್ಲಿ ರೋಖೇಲರೂ ಇದ್ದರೆಂದು ನೆಹೆಮೀಯ 3 ದಾಖಲಿಸಿದೆ. ಅದೇ ನೆಹೆಮೀಯ 13ನೆಯ ಅಧ್ಯಾಯದಲ್ಲಿ ಸಬ್ಬತ್ತಿನ ದಿನ ಮಾರಲು ಬಂದ ರೋಖೇಲರನ್ನು ಬಾಗಿಲ ಹೊರಗೆ ನಿಲ್ಲಿಸುತ್ತಾನೆ. ಕಸುಬು ಒಂದೇ, ತೀರ್ಪು ಎರಡು. ಜ್ಞಾನೋಕ್ತಿಯ ಗೃಹಿಣಿಯನ್ನು ದೂರದಿಂದ ಆಹಾರ ತರುವ ವರ್ತಕರ ಹಡಗಿಗೆ ಹೋಲಿಸಿರುವುದು ಹೊಗಳಿಕೆಯಾಗಿ. ತೂರಿನ ಬಗ್ಗೆಯೇ ಯೆಶಾಯ 23:18, ಒಂದು ದಿನ ಅದರ ಗಳಿಕೆ ಪೆಟ್ಟಿಗೆ ಸೇರದೆ ದೇವರಿಗೆ ಮೀಸಲಾಗಿ ಆತನ ಸನ್ನಿಧಿಯಲ್ಲಿರುವವರ ಅನ್ನ ಬಟ್ಟೆಗೆ ಒದಗುತ್ತದೆ ಎನ್ನುತ್ತದೆ. ವ್ಯಾಪಾರವೇ ಹೊಲೆಯಾಗಿದ್ದರೆ ಅದರ ಗಳಿಕೆ ಮೀಸಲಾಗುವುದು ಸಾಧ್ಯವಿರಲಿಲ್ಲ.

ಯೆಹೆಜ್ಕೇಲನ ಪದವನ್ನು ಅವನ ನಂತರದವರು ಹೇಗೆ ಕೇಳಿಸಿಕೊಂಡರು ಎಂಬುದೂ ಈ ತೀರ್ಮಾನವನ್ನೇ ಗಟ್ಟಿಮಾಡುತ್ತದೆ. ಹೊಸ ಒಡಂಬಡಿಕೆಯ ಪ್ರಕಟನೆ ಗ್ರಂಥದ 18ನೆಯ ಅಧ್ಯಾಯ, ಬಾಬಿಲೋನ್ ಎಂಬ ಮಹಾನಗರದ ಪತನವನ್ನು ಚಿತ್ರಿಸುವಾಗ ತೂರಿನ ಪಟ್ಟಿಯನ್ನೇ ಮಾದರಿಯಾಗಿ ಇಟ್ಟುಕೊಂಡಿದೆ. ಚಿನ್ನದಿಂದ ಮೊದಲಾಗುವ ಸರಕಿನ ಸಾಲು ಕೊನೆಗೆ ಮನುಷ್ಯರ ದೇಹ ಪ್ರಾಣಗಳಲ್ಲಿ ಮುಗಿಯುತ್ತದೆ. ಅಳುವವರು ವರ್ತಕರು, ಹಡಗಿನವರು. ಆ ಲೇಖಕನಿಗೆ ತೂರಿನ ಅಪರಾಧ ಸ್ವರ್ಗದ ಪಿಸುಮಾತಾಗಿ ಕೇಳಿಸಲಿಲ್ಲ, ನೆಲದ ಮೇಲಿನ ಸಂತೆಯಾಗಿ ಕಂಡಿತು. ಆದ್ದರಿಂದ 28:16 ಮತ್ತು 28:18ರಲ್ಲಿ ರೆಖುಲ್ಲಾ ಪದಕ್ಕೆ ವ್ಯಾಪಾರ ಎಂಬ ಅರ್ಥವನ್ನೇ ಉಳಿಸಿಕೊಳ್ಳಬೇಕು. ಪಾಪದ ಹೊರೆಯನ್ನು ಹಾಮಾಸ್ ಮತ್ತು ಆವೆಲ್ ಪದಗಳ ಮೇಲೆ, ಅಂದರೆ ಮಾರಿದ ಮನುಷ್ಯರ ಮತ್ತು ಕೆಡಿಸಿದ ತೂಕದ ಮೇಲೆ, ಬಿಡಬೇಕು. ಈ ಅಧ್ಯಾಯವನ್ನು ವ್ಯಾಖ್ಯಾನಿಸುವವರು ಕೆರೂಬಿಯ ರೆಕ್ಕೆಗಳಿಗೆ ಬರುವ ಮೊದಲು 27ನೆಯ ಅಧ್ಯಾಯದ ಸರಕಿನ ಪಟ್ಟಿಯನ್ನು ಒಮ್ಮೆ ಪೂರ್ತಿಯಾಗಿ ಓದಲಿ.